ಚಿತ್ರಪುಸ್ತಕದ ದನಿ: ಶಿಶುವಿಹಾರದಲ್ಲಿ ವಿಷಯವೂ ಕಥೆಯೂ

ಶಿಶುವಿಹಾರದ ಮಕ್ಕಳ ಮುಂದೆ ಚಿತ್ರಪುಸ್ತಕವನ್ನು ಬಿಡಿಸಿ ಹಿಡಿದು ಗಟ್ಟಿಯಾಗಿ ಓದುವ ಕೆಲಸವನ್ನು ಸಾಹಿತ್ಯವಿಮರ್ಶೆಗೆ ಯೋಗ್ಯವಾದ ವಸ್ತುವೆಂದು ಎಣಿಸುವವರು ನಮ್ಮಲ್ಲಿ ವಿರಳ. ಪಂಪನನ್ನೂ ಕುಮಾರವ್ಯಾಸನನ್ನೂ ಕುರಿತು ಸಂಚಿಕೆಗಟ್ಟಲೆ ಬರೆಯುತ್ತೇವೆ. ನಾಲ್ಕು ವರ್ಷದ ಮಗು ತನ್ನ ಬಾಳಿನಲ್ಲಿ ಮೊತ್ತಮೊದಲು ಕೇಳುವ ಕನ್ನಡ ಪುಸ್ತಕವನ್ನು ಕುರಿತು ಒಂದು ಪುಟವನ್ನಾದರೂ ಬರೆಯುವುದಿಲ್ಲ. ಅದು ಮಕ್ಕಳ ಆಟವೆಂದು ಬಿಟ್ಟುಬಿಡುತ್ತೇವೆ. ಆದರೆ ಆ ಮಗುವೇ ಮುಂದೆ ಪಂಪನನ್ನು ಓದಬೇಕಾದ ವಾಚಕ ಎಂಬುದನ್ನು ನೆನೆದರೆ, ಈ ಅಲಕ್ಷ್ಯವು ಬೇರನ್ನು ಮರೆತು ಹಣ್ಣನ್ನು ಹೊಗಳಿದಂತೆ ಆಗುತ್ತದೆ.

ಗಡಿನಾಡಿನ ಅಧ್ಯಾಪಕರಾದ ನಮಗಂತೂ ಈ ಮಾತು ಇನ್ನಷ್ಟು ಹತ್ತಿರದ್ದು. ಒಳನಾಡಿನ ಮಗುವಿಗೆ ಕನ್ನಡವು ಅಂಗಡಿಯ ಹಲಗೆಯಲ್ಲಿ, ಬಸ್ಸಿನ ನೆತ್ತಿಯಲ್ಲಿ, ನೆರೆಮನೆಯ ಜಗಲಿಯಲ್ಲಿ ತಾನಾಗಿ ದೊರೆಯುತ್ತದೆ. ಮಂಜೇಶ್ವರದ, ಅಕ್ಕಲಕೋಟೆಯ, ಮಡಕಶಿರದ, ತಾಳವಾಡಿಯ ಮಗುವಿಗೆ ಹೊರಗಿನ ಬರಹವೆಲ್ಲ ಬೇರೊಂದು ಲಿಪಿಯಲ್ಲಿದೆ. ಅನೇಕ ಮನೆಗಳಲ್ಲಿ ಒಳಗಿನ ಮಾತೂ ತುಳುವೋ ಮಲೆಯಾಳವೋ ಮರಾಠಿಯೋ ತೆಲುಗೋ ಆಗಿರುತ್ತದೆ. ಹೀಗಿರುವಾಗ ಶಿಶುವಿಹಾರದ ಚಾಪೆಯ ಮೇಲೆ ಕುಳಿತು ಕೇಳುವ ಹತ್ತು ನಿಮಿಷದ ಕನ್ನಡವೇ ಆ ಮಗುವಿಗೂ ಗ್ರಂಥಸ್ಥ ಕನ್ನಡಕ್ಕೂ ಆಗುವ ಮೊದಲ ಭೇಟಿ. ಆ ಭೇಟಿ ಸಿಹಿಯಾಗಿದ್ದರೆ ಮಗು ಮರಳಿ ಬರುತ್ತದೆ. ಕಹಿಯಾಗಿದ್ದರೆ ಪಕ್ಕದಲ್ಲೇ ತೆರೆದಿರುವ ಮತ್ತೊಂದು ಮಾಧ್ಯಮದ ಬಾಗಿಲಿಗೆ ತಾಯಿತಂದೆ ಅದನ್ನು ಕರೆದೊಯ್ಯುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಈಗ ಶಿಶುಶಿಕ್ಷಣದಲ್ಲಿ ಬಹುವಾಗಿ ಬಳಕೆಯಲ್ಲಿರುವುದು ವಿಷಯಾಧಾರಿತ ಪದ್ಧತಿ. ಈ ವಾರ ಹಣ್ಣುಗಳು, ಮುಂದಿನ ವಾರ ಪ್ರಾಣಿಗಳು, ಅದರಾಚೆ ಮಳೆ, ಕುಟುಂಬ, ವಾಹನ ಎಂದು ವರುಷವನ್ನು ಹಂಚಿಕೊಂಡು, ಆಯಾ ವಿಷಯಕ್ಕೆ ಒಪ್ಪುವ ಹಾಡು, ಆಟ, ಚಿತ್ರಪುಸ್ತಕಗಳನ್ನು ಜೋಡಿಸುವುದು ಇದರ ಕ್ರಮ. ಕರ್ನಾಟಕದ ಅಂಗನವಾಡಿಗಳ ‘ಚಿಲಿಪಿಲಿ’ಯೂ ಕೇರಳದ ‘ಅಂಗಣಪ್ಪೂಮಳ’ಯೂ ಈ ಜಾಡಿನವೇ. ಈ ಪದ್ಧತಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ವಿಷಯಕ್ಕಾಗಿ ಆರಿಸಿದ ಪುಸ್ತಕವನ್ನು ವಿಷಯಕ್ಕಾಗಿಯೇ ಓದಿದರೆ ಪುಸ್ತಕಕ್ಕೆ ಏನಾಗುತ್ತದೆ, ಮಗುವಿಗೆ ಏನಾಗುತ್ತದೆ ಎಂಬುದನ್ನು ಒಂದೆರಡು ಕೃತಿಗಳ ಆಧಾರದಿಂದ ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ.

1. ಹಿನ್ನೆಲೆ

ಚಿತ್ರದಿಂದ ಮಾತನ್ನು ಕಲಿಸುವ ಪುಸ್ತಕಗಳ ಹಿರಿಯಜ್ಜನೆಂದರೆ ಕೊಮೇನಿಯಸ್ ಎಂಬ ಪಂಡಿತನು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ ‘ಆರ್ಬಿಸ್ ಪಿಕ್ಟಸ್’. ಸುಮಾರು 150 ಅಧ್ಯಾಯಗಳು. ಒಂದೊಂದಕ್ಕೆ ಒಂದೊಂದು ವಿಷಯ, ಒಂದೊಂದು ಮರದಚ್ಚಿನ ಚಿತ್ರ. ಚಿತ್ರದ ವಸ್ತುಗಳಿಗೆ ಅಂಕೆ ಹಾಕಿ, ಆ ಅಂಕೆಯನ್ನೇ ಪದಕ್ಕೂ ಕೊಟ್ಟು, ಲ್ಯಾಟಿನ್ ಒಂದು ಕಡೆ ಜರ್ಮನ್ ಒಂದು ಕಡೆ ನಿಲ್ಲಿಸಿದ್ದಾನೆ. ಎರಡು ಭಾಷೆಗಳ ನಡುವೆ ನಿಂತ ಮಗುವಿಗಾಗಿಯೇ ಅದು ಹುಟ್ಟಿತೆಂಬುದು ನಾವು ಗಮನಿಸತಕ್ಕ ಅಂಶ. ಆದರೆ ಅಲ್ಲಿ ಕಥೆಯಿಲ್ಲ. ಲೋಕವು ಅಂಗಡಿಯ ಸಾಮಾನಿನಂತೆ ಚೊಕ್ಕವಾಗಿ ಜೋಡಿಸಲ್ಪಟ್ಟಿದೆ.

ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಇಟ್ಟ ಫ್ರೋಬೆಲನು 1844ರಲ್ಲಿ ತಾಯಂದಿರಿಗಾಗಿ ಒಂದು ಹಾಡಿನ ಪುಸ್ತಕವನ್ನು ಹೊರತಂದನು. ಅದರಲ್ಲಿಯೂ ವಿಷಯಗಳಿವೆ: ಗಾಳಿಕೋಳಿ, ಪಾರಿವಾಳದ ಗೂಡು, ಸೇತುವೆ, ಬಡಗಿ. ಆದರೆ ಪ್ರತಿಯೊಂದಕ್ಕೂ ಚಿತ್ರದ ಜೊತೆಗೆ ಹಾಡು, ಹಾಡಿನ ಜೊತೆಗೆ ಬೆರಳಾಟ. ಕೊಮೇನಿಯಸನಲ್ಲಿ ಮಗು ಬೆರಳಿಟ್ಟು ತೋರಿಸುತ್ತದೆ. ಫ್ರೋಬೆಲನಲ್ಲಿ ಬೆರಳೇ ಪಾರಿವಾಳವಾಗುತ್ತದೆ. ವಿಷಯವು ಪದಾರ್ಥವಾಗಿರುವುದಕ್ಕೂ ಅನುಭವವಾಗುವುದಕ್ಕೂ ಇರುವ ಅಂತರ ಇದೇ. ಇಂದಿಗೂ ನಮ್ಮ ಶಿಶುವಿಹಾರಗಳಲ್ಲಿ ಈ ಇಬ್ಬರ ಜಗಳ ಮುಗಿದಿಲ್ಲ. ಗೋಡೆಗೆ ಅಂಟಿಸಿದ ಹಣ್ಣುಗಳ ಪಟ ಕೊಮೇನಿಯಸನದು. ಕೈಯಾಡಿಸಿ ಹೇಳುವ ಹಾಡು ಫ್ರೋಬೆಲನದು.

ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ‘ದಿವಾಸ್ವಪ್ನ’ದ ಅಧ್ಯಾಪಕನು ಗದ್ದಲದ ತರಗತಿಯನ್ನು ಗೆಲ್ಲುವುದು ಬೆತ್ತದಿಂದಲ್ಲ, ಕಥೆಯಿಂದ. ಇತ್ತ ಕನ್ನಡದಲ್ಲಿ ಅಧ್ಯಾಪಕರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು (1874-1937) ಮಕ್ಕಳ ಕಿವಿಗೆ ತಕ್ಕ ಗದ್ಯವನ್ನು ಕಟ್ಟಿದರು. ಪಂಜೆಯವರ ಕಥೆಯನ್ನು ಕಣ್ಣಿನಿಂದ ಓದಿದರೆ ಅರ್ಧ ಮಾತ್ರ ದೊರೆಯುತ್ತದೆ. ನಾಲಗೆಯ ಮೇಲೆ ಹಾಯಿಸಿದಾಗಲೇ ಪೂರ್ತಿ.

2. ಒಂದು ಹುಳುವಿನ ಕಥೆ

ವಿಷಯಾಧಾರಿತ ಓದಿಗೆ ಲೋಕದಲ್ಲೆಲ್ಲ ಬಳಕೆಯಾಗುವ ಪುಸ್ತಕವೊಂದನ್ನು ಹೆಸರಿಸೆಂದರೆ, ಎರಿಕ್ ಕಾರ್ಲ್ ಎಂಬ ಚಿತ್ರಕಾರನು 1969ರಲ್ಲಿ ಪ್ರಕಟಿಸಿದ ಹಸಿದ ಹುಳುವಿನ ಪುಸ್ತಕವನ್ನು ಹೇಳಬೇಕು. ಅರುವತ್ತಕ್ಕೂ ಮಿಕ್ಕ ಭಾಷೆಗಳಿಗೆ ಹೋಗಿರುವ ಕೃತಿ ಅದು. ಕರ್ತೃ 2021ರಲ್ಲಿ ತೀರಿಕೊಂಡರೂ ಹುಳುವಿನ ಹಸಿವು ತೀರಿಲ್ಲ. ಕಥೆ ಅತಿ ಚಿಕ್ಕದು. ಎಲೆಯ ಮೇಲಿನ ಮೊಟ್ಟೆಯೊಡೆದು ಭಾನುವಾರ ಹುಳು ಹೊರಬರುತ್ತದೆ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪಿಯರ್, ಬುಧವಾರ ಮೂರು ಪ್ಲಮ್, ಗುರುವಾರ ನಾಲ್ಕು ಸ್ಟ್ರಾಬೆರಿ, ಶುಕ್ರವಾರ ಐದು ಕಿತ್ತಳೆ ತಿನ್ನುತ್ತದೆ. ಶನಿವಾರ ಒಂದೇ ದಿನ ಕೇಕು, ಐಸ್‌ಕ್ರೀಮು, ಉಪ್ಪಿನಕಾಯಿ ಮೊದಲಾದ ಹತ್ತು ಬಗೆ. ರಾತ್ರಿ ಹೊಟ್ಟೆನೋವು. ಮರುದಿನ ಭಾನುವಾರ ಒಂದು ಹಸಿರೆಲೆ, ನೋವು ಶಮನ. ಆಮೇಲೆ ಗೂಡು, ನಿದ್ದೆ, ಚಿಟ್ಟೆ. ಹುಳು ತಿಂದಲ್ಲೆಲ್ಲ ಪುಟದಲ್ಲಿ ನಿಜವಾದ ತೂತು. ಹಣ್ಣಿನ ಪುಟಗಳು ದಿನದಿಂದ ದಿನಕ್ಕೆ ಅಗಲವಾಗುತ್ತ ಹೋಗುತ್ತವೆ.

ಈ ಪುಸ್ತಕವನ್ನು ಅಧ್ಯಾಪಕರು ಯಾವ ಯಾವ ವಿಷಯದ ಕೆಳಗೆ ಇಡುತ್ತಾರೆ? ಹಣ್ಣುಗಳು, ವಾರದ ದಿನಗಳು, ಎಣಿಕೆ, ಕೀಟಗಳು, ಆರೋಗ್ಯಕರ ಆಹಾರ. ಐದೂ ಸರಿಯೇ. ಒಂದೇ ಗೂಟಕ್ಕೆ ಐದು ಹಗ್ಗ. ಆದರೆ ಈ ಐದನ್ನೂ ಕೂಡಿಸಿದರೆ ಪುಸ್ತಕ ಆಗುತ್ತದೆಯೆ? ಇಲ್ಲ. ಪುಸ್ತಕವಿರುವುದು ಅದರ ನಡಿಗೆಯಲ್ಲಿ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಐದು ಪುಟಗಳಲ್ಲಿ ಒಂದು ನಿಯಮ ಕಟ್ಟಿಕೊಳ್ಳುತ್ತದೆ. ದಿನಕ್ಕೊಂದೇ ಜಾತಿಯ ಹಣ್ಣು, ದಿನಕ್ಕೊಂದು ಹೆಚ್ಚು, ದಿನದ ಕೊನೆಗೆ ಹಸಿವು ತೀರಲಿಲ್ಲವೆಂಬ ಪಲ್ಲವಿ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮಗು ನಿಯಮವನ್ನು ಹಿಡಿದು, ಪಲ್ಲವಿಗೆ ತಾನೇ ದನಿಗೂಡಿಸುತ್ತದೆ. ಶನಿವಾರ ಆ ನಿಯಮ ಒಮ್ಮೆಲೆ ಮುರಿದು ಬೀಳುತ್ತದೆ. ಆರಕ್ಕೆ ಬದಲು ಹತ್ತು; ಒಂದು ಜಾತಿಗೆ ಬದಲು ಹತ್ತು ಜಾತಿ. ಮಗು ನಗುವುದು ಇಲ್ಲಿ. ಅದು ತಿಂಡಿಯನ್ನು ಕಂಡು ನಗುವುದಲ್ಲ, ನಿಯಮ ಮುರಿದುದನ್ನು ಕಂಡು ನಗುವುದು. ಅನಂತರದ ಹೊಟ್ಟೆನೋವು, ಒಂದೇ ಎಲೆ, ಮೌನ, ನಿದ್ದೆ ಇವೆಲ್ಲ ಆ ಗದ್ದಲದ ಇಳಿತ. ಏರಿಳಿತದ ಈ ಲಯವೇ ಕೃತಿಯ ಜೀವಾಳ.

ಇದನ್ನು ಹಣ್ಣುಗಳ ವಾರದಲ್ಲಿ ಓದುವವರು ಸೋಮವಾರದ ಪುಟದಲ್ಲೇ ನಿಲ್ಲುತ್ತಾರೆ. ಇದು ಯಾವ ಹಣ್ಣು? ಬಣ್ಣ ಯಾವುದು? ನಿಮ್ಮ ಮನೆಯಲ್ಲಿ ಯಾರು ತಿಂದಿದ್ದೀರಿ? ರುಚಿ ಹೇಗೆ? ಇಪ್ಪತ್ತು ಮಕ್ಕಳು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹುಳುವನ್ನು ಎಲ್ಲರೂ ಮರೆತಿರುತ್ತಾರೆ. ಮಂಗಳವಾರಕ್ಕೆ ಮತ್ತೆ ಅದೇ ಪ್ರಶ್ನೆ. ನಿಯಮ ಕಟ್ಟಿಕೊಳ್ಳಲೇ ಇಲ್ಲ, ಹಾಗಿರುವಾಗ ಮುರಿಯುವುದೇನು? ಶನಿವಾರದ ಪುಟಕ್ಕೆ ಮಕ್ಕಳು ನಗುವುದಿಲ್ಲ. ಮಕ್ಕಳಿಗೆ ಪುಸ್ತಕ ರುಚಿಸಲಿಲ್ಲವೆಂದು ನಾವು ಷರಾ ಬರೆಯುತ್ತೇವೆ. ಕುತ್ತಿಗೆ ಹಿಸುಕಿದವರೇ ಹಾಡು ಚೆನ್ನಾಗಿಲ್ಲವೆಂದಂತೆ.

ಹಾಗೆಂದು ಈ ಕೃತಿ ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ಗೂಡಿನಿಂದ ಚಿಟ್ಟೆ ಬಂತೆಂಬಲ್ಲಿ ವಿಜ್ಞಾನದ ಎಡವಟ್ಟಿದೆಯೆಂದು ಹಲವರು ಆಕ್ಷೇಪಿಸಿದ್ದಾರೆ. ಚಿಟ್ಟೆಯ ಹುಳು ನೂಲಿನ ಗೂಡನ್ನು ನೇಯುವುದಿಲ್ಲ, ಗಟ್ಟಿ ಪೊರೆಯ ಕೋಶವಾಗಿ ಎಲೆಗೋ ಕಡ್ಡಿಗೋ ತೂಗುತ್ತದೆ. ನೂಲಿನ ಗೂಡು ಕಟ್ಟುವುದು ಸಾಮಾನ್ಯವಾಗಿ ಪತಂಗದ ಹುಳು. ಪಟ್ಟಣದ ಮಗುವಿಗೆ ಇದು ತಿಳಿಯಲಿಕ್ಕಿಲ್ಲ. ಆದರೆ ಹೊಸೂರು, ಮಡಕಶಿರಗಳ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಯ ಮಗುವಿಗೆ ತಟ್ಟೆ, ಸೊಪ್ಪು, ಜ್ವರ, ಗೂಡು ಎಲ್ಲವೂ ಗೊತ್ತು. ಗೂಡಿನಿಂದ ಬರುವುದು ಮಾಸಲು ಬಿಳಿಯ ಪತಂಗವೇ ಹೊರತು ಬಣ್ಣದ ಚಿಟ್ಟೆಯಲ್ಲವೆಂದು ಅದು ಅಧ್ಯಾಪಕನನ್ನು ತಿದ್ದೀತು. ತಿದ್ದಲಿ. ಪುಸ್ತಕಕ್ಕಿಂತ ತಾನು ಬಲ್ಲೆನೆಂಬ ಅಭಿಮಾನ ಐದು ವರ್ಷಕ್ಕೇ ಬಂದರೆ ಅದಕ್ಕಿಂತ ದೊಡ್ಡ ವಿದ್ಯೆ ಯಾವುದು?

ಎರಡನೆಯ ಆಕ್ಷೇಪ ಎಲೆಯದು. ಕೇಕು ತಿಂದರೆ ಹೊಟ್ಟೆನೋವು, ಸೊಪ್ಪು ತಿಂದರೆ ಆರೋಗ್ಯ ಎಂದು ನೀತಿ ತೆಗೆಯುವುದು ಸುಲಭ. ಆದರೆ ಎಲೆ ಹುಳುವಿನ ಸ್ವಂತ ಆಹಾರ. ಊರೆಲ್ಲ ಅಲೆದು ಮನೆಯ ಗಂಜಿಗೆ ಮರಳಿದ ಸುಖ ಅಲ್ಲಿರುವುದು. ನೀತಿಯನ್ನು ಬಾಯಿಬಿಟ್ಟು ಹೇಳಿದೊಡನೆ ಆ ಸುಖ ಔಷಧವಾಗಿಬಿಡುತ್ತದೆ.

3. ನನ್ನದೊಂದು ತಪ್ಪು

ಇಷ್ಟನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ತಪ್ಪು ಮಾಡಿ ಕಲಿತದ್ದು. ಕೆಲವು ವರ್ಷಗಳ ಹಿಂದೆ ಕಾಸರಗೋಡಿನ ಕಡೆಯ ಒಂದು ಶಾಲೆಯ ಶಿಶುವಿಹಾರದಲ್ಲಿ ಈ ಕಥೆಯನ್ನು ನನ್ನದೇ ಕನ್ನಡದಲ್ಲಿ ಓದಿ ಹೇಳುವ ಸರದಿ ನನಗೆ ಬಂದಿತ್ತು. ಮೊದಲ ಪುಟ ತೆರೆಯುತ್ತಿದ್ದಂತೆಯೇ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಚಿತ್ರಕ್ಕೆ ಕೈಚಾಚಿ “ಪುರಿ! ಪುರಿ!” ಎಂದು ಕೂಗಿದಳು. ಹಿಂದಿನಿಂದ ಒಬ್ಬ “ಪುಳು” ಎಂದ. ನಾನು ಪುಸ್ತಕವನ್ನು ತಗ್ಗಿಸಿ, “ಹಾಗಲ್ಲ, ಹುಳು ಅನ್ನಬೇಕು, ಎಲ್ಲರೂ ಹೇಳಿ, ಹುಳು” ಎಂದು ಮೂರು ಸಲ ಹೇಳಿಸಿದೆ. ಮಕ್ಕಳು ಹೇಳಿದರು. ಕಥೆ ಮುಂದುವರಿಯಿತು. ಆ ಹುಡುಗಿ ಮಾತ್ರ ಅಂದು ಮತ್ತೆ ಬಾಯಿ ತೆರೆಯಲಿಲ್ಲ. ಅಂದಷ್ಟೇ ಅಲ್ಲ, ಮುಂದಿನ ಎರಡು ವಾರ ಪುಸ್ತಕ ಕೈಗೆತ್ತಿಕೊಂಡೊಡನೆ ಅವಳು ತನ್ನ ಕಾಲ್ಬೆರಳನ್ನು ನೋಡುತ್ತ ಕೂಡುತ್ತಿದ್ದಳು.

ಕೊನೆಗೆ ಮಕ್ಕಳಿಗೆ ಗಂಜಿ ಬಡಿಸುವ ಆಯಮ್ಮ ಒಂದು ದಿನ ನನ್ನೊಡನೆ, “ಮಾಷ್ಟ್ರೇ, ನೀವು ಬೇಸರ ಮಾಡಬೇಡಿ. ಆ ಮಗು ಹೇಳಿದ್ದು ಸುಳ್ಳಲ್ಲವಲ್ಲ? ನಮ್ಮಲ್ಲಿ ಅದಕ್ಕೆ ಪುರಿ ಅಂತಲೇ ಹೇಳುವುದು” ಎಂದರು. ನಾನು ನಾಚಿದೆ. ಏಕೆಂದರೆ ಭಾಷಾಶಾಸ್ತ್ರದ ನಾಲ್ಕು ಪುಟಗಳನ್ನು ಓದಿದ ನಾನೇ ಅರಿಯಬೇಕಾಗಿದ್ದ ಮಾತನ್ನು ಅವರು ಹೇಳಿದ್ದರು. ತುಳುವಿನ ಪುರಿ, ಮಲೆಯಾಳ ತಮಿಳುಗಳ ಪುಳು, ತೆಲುಗಿನ ಪುರುಗು, ನಮ್ಮ ಹುಳು ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಹಳಗನ್ನಡದಲ್ಲಿ ನಾವೂ ಪುೞು ಎಂದೇ ಹೇಳುತ್ತಿದ್ದೆವು. ಪಕಾರವು ಹಕಾರವಾದದ್ದು ಆಮೇಲಿನ ಮಾತು. ಪಾಲು ಹಾಲಾದಂತೆ, ಪೂ ಹೂವಾದಂತೆ. ಆ ಹುಡುಗಿಯ ಬಾಯಲ್ಲಿದ್ದುದು ನನ್ನ ಶಬ್ದಕ್ಕಿಂತ ಹಳೆಯ ಶಬ್ದದ ನಂಟು. ಅದನ್ನು ತಪ್ಪೆಂದು ನಾನು ಒರೆಸಿದೆ.

ಮರುವಾರ ಅದೇ ಪುಸ್ತಕವನ್ನು ಬೇರೆ ರೀತಿಯಲ್ಲಿ ಓದಿದೆ. “ನಮ್ಮ ಹುಳು, ನಿನ್ನ ಪುರಿ, ಅವನ ಪುಳು, ಮೂವರೂ ಸೇರಿ ಏನು ತಿಂದರು ನೋಡೋಣ” ಎಂದು ಪುಟ ತಿರುವಿದೆ. ಮಂಗಳವಾರದ ಪಿಯರ್ ಹಣ್ಣನ್ನು ನೋಡಿ ಒಬ್ಬನು “ಪೇರಳೆ” ಎಂದ. ಈ ಸಲ ತಿದ್ದಲಿಲ್ಲ. ತಿದ್ದಿದ್ದರೆ ಮತ್ತೊಮ್ಮೆ ನಾನೇ ಸೋಲುತ್ತಿದ್ದೆ. ಪೋರ್ತುಗೀಸರ ಪೇರ ಎಂಬ ಮಾತು ಮೂಲದಲ್ಲಿ ಪಿಯರ್ ಹಣ್ಣಿನದೇ. ಅದು ನಮ್ಮ ಕರಾವಳಿಗೆ ಬಂದು ಸೀಬೆಗೆ ಅಂಟಿಕೊಂಡಿತು. ಮರಾಠಿಯ ಪೇರೂ, ಮಲೆಯಾಳದ ಪೇರಯ್ಕ ಅದೇ ಮೂಲದವೆಂದು ಶಬ್ದಜ್ಞರು ಹೇಳುತ್ತಾರೆ. ಹುಡುಗನು ತಿಳಿಯದೆಯೇ ಆ ಶಬ್ದವನ್ನು ಅದರ ತವರಿಗೆ ಕಳುಹಿಸಿದ್ದನು. ಶುಕ್ರವಾರದ ಪಲ್ಲವಿಯನ್ನು ಮಕ್ಕಳೇ ಕೂಗಿದರು. ಶನಿವಾರಕ್ಕೆ ನಕ್ಕರು. ಕೊನೆಯ ಪುಟದಲ್ಲಿ ರೆಕ್ಕೆ ಬಿಚ್ಚಿದಾಗ ಆ ಹುಡುಗಿ ಎದ್ದು ಬಂದು ಚಿಟ್ಟೆಯ ಮೇಲೆ ಅಂಗೈ ಇಟ್ಟಳು. ಏನೂ ಹೇಳಲಿಲ್ಲ. ಮಾತಿಗಿಂತ ಮೊದಲು ಕೈ ಬಂತು. ಮಾತು ಮರುದಿನ ಬಂತು.

ಈ ಪ್ರಸಂಗದಿಂದ ನನಗೆ ತೋರಿದ್ದಿಷ್ಟು. ಮನೆಮಾತು ಬೇರೆಯಾದ ಮಗು ಕನ್ನಡ ಪುಸ್ತಕಕ್ಕೆ ಬರಿಗೈಯಲ್ಲಿ ಬರುವುದಿಲ್ಲ. ತನ್ನ ಶಬ್ದವನ್ನು ಕಾಣಿಕೆಯಾಗಿ ತರುತ್ತದೆ. ಕಾಣಿಕೆಯನ್ನು ಸ್ವೀಕರಿಸಿ ನಮ್ಮದನ್ನು ಕೊಟ್ಟರೆ ಅದು ವಿನಿಮಯ. ಕಿತ್ತು ಬಿಸುಟು ನಮ್ಮದನ್ನು ಹೇರಿದರೆ ಅದು ಸುಂಕದ ಕಟ್ಟೆ. ಜತ್ತದ ಮಗು ಹುಳುವನ್ನು ಅಳಿ ಎಂದರೂ, ರಾಯದುರ್ಗದ ಮಗು ಚಿಟ್ಟೆಯನ್ನು ಸೀತಾಕೋಕಚಿಲುಕವೆಂದರೂ ಇದೇ ನ್ಯಾಯ. ಪಾತರಗಿತ್ತಿಯ ಮೇಲೆ ಕನ್ನಡದ ಮಕ್ಕಳೆಲ್ಲ ಹಾಡುವ ಕವಿತೆಯನ್ನು ಕೊಟ್ಟ ಬೇಂದ್ರೆಯವರ ಮನೆಮಾತು ಮರಾಠಿ. ಅವರು 1944ರಿಂದ 1956ರ ವರೆಗೆ ಕನ್ನಡ ಪಾಠ ಹೇಳಿದ್ದು ಸೊಲ್ಲಾಪುರದಲ್ಲಿ. ಮನೆಮಾತು ಕನ್ನಡಕ್ಕೆ ಅಡ್ಡಗೋಡೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

4. ಚಿತ್ರವನ್ನು ತೋರಿಸಿ ಹೇಳುವ ನಮ್ಮ ಕಲೆ

ಚಿತ್ರವನ್ನು ಎದುರಿಗಿಟ್ಟು ದನಿಯಿಂದ ಅದನ್ನು ನಡೆಸುವ ವಿದ್ಯೆ ಪರದೇಶದಿಂದ ಬಂದದ್ದೆಂದು ತಿಳಿಯಬಾರದು. ಕೊಂಕಣದ ಪಿಂಗುಳಿಯ ಚಿತ್ರಕಥಿಗಳು ಬಣ್ಣದ ಹಾಳೆಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ ರಾಮಾಯಣ ಭಾರತಗಳನ್ನು ಹಾಡುತ್ತಿದ್ದರು. ನಮ್ಮ ಕಿಳ್ಳೇಕ್ಯಾತರು ತೊಗಲುಗೊಂಬೆಯ ನೆರಳಿನಲ್ಲಿ ಅದನ್ನೇ ಮಾಡಿದರು. ಅವರ ಮನೆಮಾತು ಮರಾಠಿಯ ಒಂದು ಬಗೆ. ಆಟದ ಮಾತು ಕನ್ನಡ. ಆಂಧ್ರದ ನಿಮ್ಮಲಕುಂಟದ ಅವರಂಥದೇ ಕಲಾವಿದರ ಆಟ ತೆಲುಗಿನಲ್ಲಿ. ಗಡಿನಾಡಿನ ಅಧ್ಯಾಪಕನಿಗೆ ಇವರಿಗಿಂತ ಹತ್ತಿರದ ಗುರುಗಳು ಯಾರು?

ಅವರಿಂದ ಕಲಿಯತಕ್ಕುದು ಒಂದಿದೆ. ಮುಖ್ಯ ಕಥೆ ಸಾಗುತ್ತಿರುವಾಗ ಅವರು ಸಭೆಯನ್ನು ಪ್ರಶ್ನೆ ಕೇಳಿ ತಡೆಯುವುದಿಲ್ಲ. ಸಭೆಯೊಡನೆ ಹರಟುವುದಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ನಗೆಯ ಪಾತ್ರಗಳನ್ನೇ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಕಥೆಗೆ ಒಂದು ಹೊತ್ತು, ಮಾತುಕತೆಗೆ ಒಂದು ಹೊತ್ತು. ಎರಡೂ ಬೇಕು, ಒಂದರ ಮೇಲೊಂದು ಬೀಳಕೂಡದು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗುತ್ತದೆ. ಓದುವಾಗ ಮಗುವನ್ನು ಪ್ರಶ್ನಿಸಿ ಮಾತನಾಡಿಸಿದರೆ ಅದರ ಮಾತಿನ ಶಕ್ತಿ ಬೆಳೆಯುತ್ತದೆಂದು 1988ರಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದ್ದಾರಲ್ಲ, ಪ್ರಶ್ನೆ ಬೇಡವೆನ್ನುವುದು ಹೇಗೆ, ಎಂದು ತಿಳಿದವರು ಕೇಳಬಹುದು. ಪ್ರಯೋಗ ಸತ್ಯ. ಆದರೆ ಅದು ನಡೆದದ್ದು ಮನೆಯಲ್ಲಿ, ತಾಯಿತಂದೆಯ ಮಗ್ಗುಲಲ್ಲಿ ಕುಳಿತ ಎರಡು ಮೂರು ವರ್ಷದ ಒಂದೊಂದೇ ಮಗುವಿನೊಡನೆ. ಅಲ್ಲಿ ಪ್ರಶ್ನೆಗೆ ಉತ್ತರ ಹೇಳುವವರು ಒಬ್ಬರೇ; ಕಥೆ ತಣಿಯುವುದಿಲ್ಲ. ಇಪ್ಪತ್ತೈದು ಮಕ್ಕಳ ಚಾಪೆಯ ಮೇಲೆ ಅದೇ ಕ್ರಮವನ್ನು ಹಾಗೆಯೇ ಇಟ್ಟರೆ ಒಬ್ಬನ ಉತ್ತರ ಇಪ್ಪತ್ತನಾಲ್ವರ ಕಾಯುವಿಕೆಯಾಗುತ್ತದೆ. ಮೇಲಾಗಿ ಅಲ್ಲಿನ ಪ್ರಶ್ನೆ ‘ಏನಾಯಿತು, ಏಕಾಯಿತು’ ಎಂಬ ತೆರೆದ ಪ್ರಶ್ನೆ. ನಮ್ಮದು ಬಹುತೇಕ ‘ಇದೇನು, ಯಾವ ಬಣ್ಣ’ ಎಂಬ ಪರೀಕ್ಷೆಯ ಪ್ರಶ್ನೆ.

ಆದುದರಿಂದ ಒಂದೇ ಪುಸ್ತಕವನ್ನು ವಾರದಲ್ಲಿ ಮೂರು ಬಾರಿ ಓದುವುದು ಲೇಸು. ಮೊದಲ ಸಲ ನಿಲ್ಲದೆ, ಪೂರ್ತಿ, ಕಥೆಗಾಗಿ. ಮಗು ತಾನಾಗಿ ಏನಾದರೂ ಅಂದರೆ ತಲೆಯಾಡಿಸಿ ಮುಂದುವರಿಯುವುದು. ಎರಡನೆಯ ಸಲ ಅಲ್ಲಲ್ಲಿ ತಂಗಿ, ಮಕ್ಕಳ ಶಬ್ದಗಳನ್ನು ಕೇಳಿ, ನಮ್ಮ ಶಬ್ದವನ್ನು ಪಕ್ಕದಲ್ಲಿಟ್ಟು. ವಿಷಯಪಾಠಕ್ಕೆ ಇಲ್ಲಿ ಬೇಕಾದಷ್ಟು ಎಡೆಯಿದೆ. ಮೂರನೆಯ ಸಲ ಪುಸ್ತಕ ನಮ್ಮ ಕೈಯಲ್ಲಿ, ಕಥೆ ಮಕ್ಕಳ ಬಾಯಲ್ಲಿ. ಹಿಂದೆ ಕುಳಿತವರಿಗೆ ಚಿತ್ರ ಕಾಣುವುದಿಲ್ಲವೆಂಬ ತೊಂದರೆಗೆ ನ್ಯೂಜಿಲೆಂಡಿನ ಡಾನ್ ಹೋಲ್ಡವೆ ‘ದೊಡ್ಡ ಪುಸ್ತಕ’ದ ಉಪಾಯವನ್ನು ಹೇಳಿದ್ದಾರೆ (1979). ನಾವು ಹಳೆಯ ಕ್ಯಾಲೆಂಡರಿನ ಬೆನ್ನಮೇಲೆ ಚಿತ್ರ ಬರೆದರೂ ಸಾಕು. ಅಧ್ಯಾಪಕನು ಕುರ್ಚಿ ಬಿಟ್ಟು ಚಾಪೆಗೆ ಇಳಿದರೆ ಅರ್ಧ ತೊಂದರೆ ಅಲ್ಲಿಗೇ ನಿವಾರಣೆ.

5. ಇನ್ನೆರಡು ಮೂರು ಕೃತಿಗಳು

ಚಿಲ್ಡ್ರನ್ಸ್ ಬುಕ್ ಟ್ರಸ್ಟಿನವರು (ಸ್ಥಾಪನೆ 1957) ಪ್ರಕಟಿಸಿದ, ಹೇಮಲತಾ ಬರೆದು ಪುಲಕ್ ಬಿಸ್ವಾಸ್ ಚಿತ್ರಿಸಿದ ‘ಮಹಾಗಿರಿ’ ಆನೆಯ ಕಥೆ. ಕಂಬವನ್ನು ಗುಂಡಿಗೆ ಇಳಿಸಲು ಆನೆ ಒಲ್ಲೆನೆನ್ನುತ್ತದೆ. ಮಾವುತನ ಏಟಿಗೂ ಜಗ್ಗುವುದಿಲ್ಲ. ಕೊನೆಗೆ ನೋಡಿದರೆ ಗುಂಡಿಯೊಳಗೊಂದು ಬೆಕ್ಕಿನ ಮರಿ. ಪ್ರಾಣಿಗಳ ವಾರದಲ್ಲಿ ಇದನ್ನು ತೆರೆದು ‘ಆನೆಗೆ ಎಷ್ಟು ಕಾಲು, ಸೊಂಡಿಲಿನಿಂದ ಏನು ಮಾಡುತ್ತದೆ’ ಎಂದು ಕೇಳುವವನು ಕಥೆಯ ಏಕೈಕ ಪ್ರಶ್ನೆಯನ್ನು ಕೊಲ್ಲುತ್ತಾನೆ. ‘ಆನೆ ಏಕೆ ಒಲ್ಲದು?’ ಎಂಬುದೇ ಆ ಪ್ರಶ್ನೆ. ಉತ್ತರ ಮುಂದಿನ ಪುಟದಲ್ಲಿದೆ; ಪುಟ ತಿರುವುವ ಕೈ ಒಂದು ಕ್ಷಣ ತಡೆದರೆ ಸಾಕು. ವಯನಾಡು, ನೀಲಗಿರಿಗಳ ಮಗುವಿಗೆ ಆನೆಯೆಂದರೆ ರಾತ್ರಿ ಬಾಳೆತೋಟಕ್ಕೆ ನುಗ್ಗುವ ಭಯವೂ ಹೌದು. ಆ ಮಗು ಈ ಕಥೆಯನ್ನು ಬೇರೊಂದು ಮುಖದಿಂದ ಕೇಳುತ್ತದೆ. ಅದರ ಭಯಕ್ಕೂ ಎರಡನೆಯ ಓದಿನಲ್ಲಿ ಎಡೆ ಕೊಡಬೇಕು.

ಚೆನ್ನೈಯ ತೂಲಿಕಾ ಪ್ರಕಾಶನದ ‘ಎಕ್ಕಿ ದೊಕ್ಕಿ’ ಮರಾಠಿ ಜನಪದ ಕಥೆ. ಒಬ್ಬಳಿಗೆ ತಲೆಯಲ್ಲಿ ಒಂದೇ ಕೂದಲು, ಅಕ್ಕತಂಗಿಯರಲ್ಲಿ ಇನ್ನೊಬ್ಬಳಿಗೆ ಎರಡು, ಎರಡಿರುವವಳಿಗೆ ಅಹಂಕಾರ. ‘ಒಳ್ಳೆಯ ನಡತೆ’ ಎಂಬ ವಿಷಯದಡಿ ಇದನ್ನು ಇಟ್ಟು ಉಪದೇಶಕ್ಕೆ ತೊಡಗುವುದುಂಟು. ಆದರೆ ಒಂದು ಕೂದಲಿಗೂ ಎರಡು ಕೂದಲಿಗೂ ಏನು ಮಹಾ ಭೇದ ಎಂಬ ನಗೆಯಲ್ಲೇ ಉಪದೇಶವೆಲ್ಲ ಅಡಗಿದೆ. ಸೊಲ್ಲಾಪುರ ಜಿಲ್ಲೆಯ ಮಗು ಇದನ್ನು ಅಜ್ಜಿಯಿಂದ ಮರಾಠಿಯಲ್ಲಿ ಕೇಳಿರಬಹುದು. ಕನ್ನಡದಲ್ಲಿ ಕೇಳಿದಾಗ ತಾನು ಬಲ್ಲ ಕಥೆಯನ್ನು ಹೊಸ ಮಾತಿನಲ್ಲಿ ಭೇಟಿಯಾಗುತ್ತದೆ. ಕಥೆ ಗೊತ್ತಿದ್ದರೆ ಭಾಷೆ ಬೇಗ ಒಲಿಯುತ್ತದೆ.

ಇದೇ ನ್ಯಾಯಕ್ಕೆ ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆ ಇನ್ನೂ ಒಳ್ಳೆಯ ನಿದರ್ಶನ. ಇದು ಒಂದರ ಕಾರಣ ಮತ್ತೊಂದು, ಅದರ ಕಾರಣ ಮಗುದೊಂದು ಎಂದು ಸಾಗುವ ಸರಪಳಿ ಕಥೆ. ತೆಲುಗರ ಮನೆಮನೆಯ ಏಳು ಮೀನುಗಳ ಕಥೆಯೂ ಈ ಜಾತಿಯದೇ. ಅಲ್ಲಿಯೂ ಒಂದು ಮೀನು ಒಣಗುವುದಿಲ್ಲ. ಆದೋನಿಯ ಮಗುವಿನ ಮುಂದೆ ಪಂಜೆಯವರನ್ನು ಓದಿದರೆ, ‘ಇದು ನಮ್ಮ ಕಥೆ’ ಎಂದೀತು. ‘ಹೌದು, ನಮ್ಮದೂ’ ಎಂದು ಹೇಳುವ ಧೈರ್ಯ ಅಧ್ಯಾಪಕನಿಗಿದ್ದರೆ ಸಾಕು. ಈ ಕಥೆಯನ್ನು ಆಹಾರದ ವಾರಕ್ಕೋ ಮೀನಿನ ವಾರಕ್ಕೋ ಸೇರಿಸಬಹುದು. ಆದರೆ ಮಗು ನೆನಪಿಡುವುದು ಸಿಗಡಿಯನ್ನಲ್ಲ, ‘ಯಾಕೆ’ ಎಂಬ ಪ್ರಶ್ನೆಯ ಕೊಂಡಿಯನ್ನು.

6. ಉಪಸಂಹಾರ

ವಿಷಯವೆಂಬುದು ಗೂಟ, ಕಥೆಯೆಂಬುದು ಹಸು. ಹಸು ದೂರ ಹೋಗದಂತೆ ಗೂಟ ಬೇಕು, ನಿಜ. ಆದರೆ ಗೂಟವನ್ನು ಕರೆದರೆ ಹಾಲು ಬಾರದು. ಪಠ್ಯಕ್ರಮದವರು ವಿಷಯವನ್ನು ಗೊತ್ತುಮಾಡಲಿ. ಆ ವಿಷಯಕ್ಕೆ ಯಾವ ಪುಸ್ತಕ, ಆ ಪುಸ್ತಕಕ್ಕೆ ಯಾವ ದನಿ ಎಂಬುದನ್ನು ಗೊತ್ತುಮಾಡುವ ಅಧಿಕಾರ ಚಾಪೆಯ ಮೇಲೆ ಕುಳಿತವರದು. ಆ ಅಧಿಕಾರವನ್ನು ನಮ್ಮಿಂದ ಯಾರೂ ಕಸಿದುಕೊಂಡಿಲ್ಲ, ನಾವೇ ಬಳಸುತ್ತಿಲ್ಲ.

ಪುಸ್ತಕಗಳ ಅಭಾವವೆಂಬ ಹಳೆಯ ದೂರು ಈಗ ಮೊದಲಿನಷ್ಟು ನಿಲ್ಲದು. ಪ್ರಥಮ್ ಬುಕ್ಸಿನವರು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಭಂಡಾರದಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಓದಬಹುದು, ಅಚ್ಚುಮಾಡಬಹುದು, ನಮ್ಮ ಮಾತಿಗೆ ತಿರುಗಿಸಲೂಬಹುದು. ಒಂದೇ ಚಿತ್ರದ ಕೆಳಗೆ ಕನ್ನಡವನ್ನೂ ಮಲೆಯಾಳವನ್ನೂ, ಕನ್ನಡವನ್ನೂ ಮರಾಠಿಯನ್ನೂ ಅಕ್ಕಪಕ್ಕ ಇಡಬಹುದು. ಕೊಮೇನಿಯಸನು 1658ರಲ್ಲಿ ಮಾಡಿದ್ದನ್ನು ಗಡಿನಾಡಿನ ಯಾವ ಶಾಲೆಯೂ ಇಂದು ಮಾಡಬಲ್ಲದು.

ನಮ್ಮ ಹಿರಿಯರಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು (1915-2015) ಕಾಸರಗೋಡಿನ ನೆಲದಲ್ಲಿ ನಿಂತು ತರಗತಿಯಲ್ಲಿ ಪಾಠ ಹೇಳುತ್ತಲೇ ಮಕ್ಕಳಿಗಾಗಿಯೂ ಬರೆದರು. 1956ರ ನವೆಂಬರ್ 1ರಂದು ಗಡಿರೇಖೆ ಬದಲಾಯಿತು. ಅವರ ಪಾಠ ಬದಲಾಗಲಿಲ್ಲ. ಅವರ ಹಾಗೆ ಎಲ್ಲರೂ ಕವಿಗಳಾಗಲಾರೆವು. ಆದರೆ ಒಳ್ಳೆಯದೊಂದು ಪುಸ್ತಕವನ್ನು ಆರಿಸಿ, ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು, ನಾಳೆ ಮಕ್ಕಳ ಮುಂದೆ ನಿಲ್ಲದೆ ಓದುವುದಕ್ಕೆ ಕವಿತ್ವ ಬೇಕಿಲ್ಲ. ಪುರಿ ಎಂದ ಮಗುವಿಗೆ ತಲೆಯಾಡಿಸುವುದಕ್ಕೆ ಪಾಂಡಿತ್ಯವೂ ಬೇಕಿಲ್ಲ. ನನಗೆ ಅದನ್ನು ಕಲಿಸಿದ್ದು ಗಂಜಿ ಬಡಿಸುವ ತಾಯಿಯೊಬ್ಬರು. ಅಧ್ಯಾಪಕ ಬಂಧುಗಳು ಈ ಮಾತನ್ನು ತಮ್ಮ ತಮ್ಮ ಚಾಪೆಯ ಮೇಲೆ ಪರೀಕ್ಷಿಸಿ ನೋಡಬೇಕೆಂದು, ತಪ್ಪಿದ್ದಲ್ಲಿ ತಿದ್ದಬೇಕೆಂದು ವಿನಂತಿ.